ಹೊಳಪು ನೋಡಿ ಅಸಲಿ ಎನ್ನಬೇಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ಹಳೆಯ ಕಾರುಗಳ ವರದಿಯಲ್ಲಿ 1954ರ ಮಾರಿಸ್ ಮೈನರ್ ಎಂಬ ಇಂಗ್ಲಿಷ್ ಕಾರೊಂದರ ‘ಪ್ರತಿ ಬಿಡಿಭಾಗವೂ ಅಸಲಿ’ ಎಂದಿದೆ. ಪಕ್ಕದ ಚಿತ್ರದಲ್ಲಿ ಬಾನೆಟ್ ತೆರೆದಿದೆ. ಬ್ಯಾಟರಿಗೆ ವಿದ್ಯುತ್ ತುಂಬುವ ಡೈನಮೊ ಮೇಲಿನ ‘ಲ್ಯೂಕಾಸ್-ಟಿವಿಎಸ್’ ಎಂಬ ಅಕ್ಷರ ನನ್ನ ಮಂದಗಣ್ಣಿಗೂ ಕಾಣುತ್ತದೆ. ಆ ಕಂಪನಿ ಮದರಾಸಿನಲ್ಲಿ ಹುಟ್ಟಿದ್ದೇ 1961ರಲ್ಲಿ!

ಮೈಸೂರಿನ ಗ್ಯಾರೇಜುಗಳಲ್ಲಿ ಡೈನಮೊ, ಸ್ಟಾರ್ಟರ್ ಬಿಚ್ಚಿ ಕಟ್ಟುತ್ತಲೇ ತಲೆ ನರೆತವನು ನಾನು. ಆ ಕಾಲದ ಇಂಗ್ಲೆಂಡಿನ ಲ್ಯೂಕಾಸ್ ಕಂಪನಿಯ ಮಾಲು ತನ್ನ ವಯಸ್ಸನ್ನು ಮುಚ್ಚಿಡುವುದಿಲ್ಲ. ಡೈನಮೊದ ಉಕ್ಕಿನ ಮೈಮೇಲೆ ‘ಸಿ39’ರಂತಹ ಮಾದರಿ ಹೆಸರು, 22ರಿಂದ ಶುರುವಾಗುವ ಐದಂಕಿಯ ಸಂಖ್ಯೆ, ಜೊತೆಗೆ ತಿಂಗಳು ಮತ್ತು ವರ್ಷ ಒತ್ತಿರುತ್ತವೆ. ‘3 54’ ಎಂದರೆ 1954ರ ಮಾರ್ಚ್. ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನದಾದರೆ ಸಂಖ್ಯೆ 40ರಿಂದ ಶುರು. ಈ ತಾರೀಖು ಕಾರು ತಯಾರಾದದ್ದಕ್ಕಿಂತ ಕೆಲವು ವಾರವೋ ಒಂದೆರಡು ತಿಂಗಳೋ ಹಿಂದಿನದಾಗಿರಬೇಕು. ನಂತರದ್ದಾದರೆ ಬದಲಿ ಹಾಕಿದ್ದು. ನಾಲ್ಕಾರು ವರ್ಷ ಹಿಂದಿನದಾದರೆ ಬೇರೆ ಗಾಡಿಯಿಂದ ಕಳಚಿ ತಂದದ್ದಿರಬಹುದು. ಪೆಟ್ರೋಲಿಗೆ ಗಾಳಿ ಬೆರೆಸುವ ಎಸ್‌ಯು ಕಂಪನಿಯ ಕಾರ್ಬ್ಯುರೇಟರಿಗೂ ‘ಎಯುಸಿ’ ಸಂಖ್ಯೆಯ ಪುಟ್ಟ ಅಲ್ಯೂಮಿನಿಯಂ ಬಿಲ್ಲೆ ಇರುತ್ತದೆ, ಯಾರಾದರೂ ತೊಳೆಯುವಾಗ ಕಳೆದಿಲ್ಲದಿದ್ದರೆ.

ಬದಲಿ ಡೈನಮೊ ಇದ್ದರೆ ಕಾರಿನ ಮರ್ಯಾದೆಯೇನೂ ಹೋಗುವುದಿಲ್ಲ. ಗಾಡಿ ಓಡಬೇಕೆಂದು ಯಾರೋ ದುಡ್ಡು ಕೊಟ್ಟು ಹಾಕಿಸಿದ್ದು. ಇದ್ದದ್ದನ್ನು ಇದ್ದಂತೆ ಹೇಳಿದರಾಯಿತು. ನನಗೆ ಸಿಟ್ಟು ಬರುವುದು ಹಳೆಯ ಅಂಕಿಯನ್ನು ಅರದಿಂದ ಉಜ್ಜಿ, ಬೇಕಾದ ವರ್ಷವನ್ನು ಪಂಚ್ ಹೊಡೆಯುವವರ ಮೇಲೆ. ಉಜ್ಜಿದ ಜಾಗ ಸುತ್ತಲಿಗಿಂತ ತುಸು ತಗ್ಗಾಗಿರುತ್ತದೆ. ಬಣ್ಣ ಬಳಿದು ಕಣ್ಣಿಗೆ ಮೋಸ ಮಾಡಬಹುದು, ಹೆಬ್ಬೆರಳಿಗೆ ಅಷ್ಟು ಸುಲಭವಲ್ಲ.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಸಿಗುತ್ತದೆ. ಅಲ್ಲಿಂದ ‘ಒರಿಜಿನಲ್’ ಎನ್ನುವುದು ಕೆಲವರಿಗೆ ಬಾಯಿಪಾಠವಾಗಿದೆ. ಅದೇ ಜನ ಬಿಡಿಭಾಗಗಳಿಗೆ ಮರಳು ಹೊಡೆಸಿ, ದಪ್ಪ ಬಣ್ಣ ಬಳಿದು, ಇದ್ದ ಸಾಕ್ಷಿಯನ್ನೂ ಅಳಿಸುತ್ತಾರೆ. ಅದಕ್ಕೂ ಮೊದಲು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿದರೆ ಎಷ್ಟೋ ಸಲ ಅಂಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ. ಫೋಟೊ ತೆಗೆದಿಟ್ಟುಕೊಂಡ ಮೇಲೆ ಉಳಿದ ಕೆಲಸ ಮಾಡಲಿ.

ಮುಂದಿನ ಸಲ ನಿಮ್ಮ ವರದಿಗಾರರು ಮಾಲೀಕರ ಮಾತಿನ ಜೊತೆಗೆ ಡೈನಮೊದ ತಾರೀಖನ್ನೂ ಬರೆದುಕೊಂಡು ಬರಲಿ.

– ಹಳೆಯ ಆಟೊ ಎಲೆಕ್ಟ್ರಿಷಿಯನ್, ಮೈಸೂರು