ಮೈಕ್ ಇಲ್ಲದೆ ಒಮ್ಮೆ ಪಿಟೀಲು ಕೇಳಿಸಿ

ಮಾನ್ಯ ಸಂಪಾದಕರೇ,

ಮೈಸೂರಿನಲ್ಲಿ 32 ವರ್ಷ ಮಕ್ಕಳಿಗೆ ಪಿಟೀಲು ಹೇಳಿಕೊಟ್ಟವಳು ನಾನು. ಈ ಬೇಸಿಗೆಯಲ್ಲಿ ಮಗಳ ಮನೆಗೆಂದು ಜರ್ಮನಿಯ ಮ್ಯೂನಿಕ್‌ಗೆ ಹೋಗಿದ್ದಾಗ ಅಲ್ಲಿನ ಸಣ್ಣ ಚರ್ಚೊಂದರಲ್ಲಿ ಬರೋಕ್ ಕಾಲದ, ಅಂದರೆ ಯುರೋಪಿನ 17-18ನೇ ಶತಮಾನದ ಸಂಗೀತದ ಪಿಟೀಲು ಕಛೇರಿ ನೋಡಿದೆ. ನೋಡಿದೆ ಎಂದೇ ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ಕೇಳಿದ್ದರೆ ಅದರ ಅರ್ಧವೂ ನನಗೆ ದಕ್ಕುತ್ತಿರಲಿಲ್ಲ.

ಅಂದು ಪಿಟೀಲು ವಾದಕಿಯೊಬ್ಬರು ನುಡಿಸಿದ್ದು ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನ ಆರ್ಚ್‌ಬಿಷಪ್ಪರ ಆಸ್ಥಾನದಲ್ಲಿದ್ದ ಹೈನ್ರಿಶ್ ಬೀಬರ್ ಎಂಬಾತ 1676ರ ಸುಮಾರಿಗೆ ರಚಿಸಿದ ರೋಸರಿ (ಜಪಮಾಲೆ) ಸೊನಾಟಾಗಳನ್ನು, ಅಂದರೆ ವಾದ್ಯಕ್ಕೆಂದೇ ಬರೆದ ರಚನೆಗಳನ್ನು. ಏಸು ಮತ್ತು ಮೇರಿಯ ಬದುಕಿನ 15 ಪ್ರಸಂಗಗಳು. ಮೊದಲನೆಯದನ್ನು ಬಿಟ್ಟರೆ ಉಳಿದ ಹದಿನಾಲ್ಕಕ್ಕೂ ಹದಿನಾಲ್ಕು ಬಗೆಯ ಶ್ರುತಿ. ಹಸ್ತಪ್ರತಿ ಮ್ಯೂನಿಕ್‌ನ ಗ್ರಂಥಾಲಯದಲ್ಲೇ ಇದೆ. ಅಂದು ಆರನ್ನು ಆರಿಸಿಕೊಂಡಿದ್ದರು.

ಮೇಜಿನ ಮೇಲೆ ಮೂರು ಪಿಟೀಲುಗಳು. ಕರುಳಿನ ತಂತಿ, ಗಿಡ್ಡ ಕಮಾನು, ಗಲ್ಲಕ್ಕೆ ಆಸರೆಯಿಲ್ಲ. ಪಕ್ಕವಾದ್ಯಕ್ಕೆ ಒಂದು ಪುಟ್ಟ ಆರ್ಗನ್, ಉದ್ದ ಕತ್ತಿನ ಮೀಟುವ ತಂತಿವಾದ್ಯ ಥಿಯೋರ್ಬೊ. ಮೈಕ್ ಎಲ್ಲಿಯೂ ಇರಲಿಲ್ಲ. ಪ್ರತಿ ಸೊನಾಟಾದ ಮುಂಚೆ ಆಕೆ ಬಿರಡೆ ತಿರುಗಿಸಿ ಶ್ರುತಿ ಕೂಡಿಸುತ್ತಿದ್ದರೆ ಯಾರೂ ಅತ್ತಿತ್ತ ಹೊರಳಲಿಲ್ಲ.

ಹನ್ನೊಂದನೆಯ ಸೊನಾಟಾ ಏಸುವಿನ ಪುನರುತ್ಥಾನದ್ದು. ಅದಕ್ಕೆ ಮುಂಚೆ ಆಕೆ ಪಿಟೀಲನ್ನು ನಮ್ಮ ಕಡೆ ತಿರುಗಿಸಿ ಹಿಡಿದರು. ನಾನು ಎರಡನೇ ಸಾಲಿನಲ್ಲಿದ್ದೆ. ನಡುವಿನ ಎರಡು ತಂತಿಗಳು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಹಿಂದೆ ಒಮ್ಮೆ, ಬಿರಡೆಗಳ ಹತ್ತಿರ ಇನ್ನೊಮ್ಮೆ ಒಂದನ್ನೊಂದು ದಾಟಿ ಶಿಲುಬೆಯಾಗಿದ್ದವು. ಆಕೆ ಒಂದೊಂದೇ ತಂತಿಯನ್ನು ಮೀಟಿದಾಗ ನನ್ನ ಮೈ ಜುಮ್ಮೆಂದಿತು. ಷಡ್ಜ, ಮೇಲಿನ ಷಡ್ಜ, ಪಂಚಮ, ಮೇಲಿನ ಪಂಚಮ. ನಾವು ದಿನಬೆಳಗಾದರೆ ಕೂಡಿಸುವ ಸ-ಪ-ಸ-ಪ ಶ್ರುತಿಯೇ, ನಡುವಿನೆರಡು ಅದಲುಬದಲು! ಹೀಗೆ ಕೂಡಿಸಿದಾಗ ಒಂದೇ ಎಳೆತಕ್ಕೆ ಎರಡು ಸ್ಥಾಯಿಗಳು ಜೊತೆಯಾಗಿ ಏಳುತ್ತವೆ. ಈಸ್ಟರ್ ಸ್ತೋತ್ರ ಹಾಗೆ ಎದ್ದಾಗ ತಂದೆ, ಮಗಳು ಒಟ್ಟಿಗೆ ಹಾಡಿದಂತಿತ್ತು.

ಕೊನೆಗೆ ಪಕ್ಕವಾದ್ಯದವರು ಸುಮ್ಮನಾದರು. ಸಂಗ್ರಹದ ಕಡೆಯ ರಚನೆ ಪಸಕಾಲ್ಯ ಒಂಟಿ ಪಿಟೀಲಿಗೆ ಬರೆದದ್ದು. ಇಳಿಯುವ ನಾಲ್ಕೇ ಸ್ವರಗಳು 65 ಬಾರಿ ಮರಳಿ ಬರುತ್ತವೆ, ಅವುಗಳ ಮೇಲೆ ಉಳಿದದ್ದೆಲ್ಲ ಹೆಣೆದುಕೊಳ್ಳುತ್ತದೆ. ಮೊದಲ ಸ್ವರವನ್ನು ಷಡ್ಜವೆಂದುಕೊಂಡರೆ ತೋಡಿ ರಾಗದ ಸ-ನಿ-ದ-ಪ ಸ್ಥಾನಗಳೇ ಅವು, ಗಮಕವೊಂದಿಲ್ಲ. ಕಮಾನು ಕರುಳಿನ ತಂತಿಯನ್ನು ಕಚ್ಚುವ ಸದ್ದು, ಆಕೆ ಉಸಿರೆಳೆದುಕೊಳ್ಳುವ ಸದ್ದು, ಎರಡೂ ಕೇಳುತ್ತಿದ್ದವು. ಮುಗಿದ ಮೇಲೆ ಚಪ್ಪಾಳೆ ತಟ್ಟಲು ನನ್ನ ಕೈ ತಕ್ಷಣ ಏಳಲಿಲ್ಲ.

ಊರಿಗೆ ಬಂದ ವಾರದಲ್ಲೇ ಇಲ್ಲಿಯ ಒಂದು ಸಭೆಯಲ್ಲಿ ಒಳ್ಳೆಯ ವಿದ್ವಾಂಸರ ಪಿಟೀಲು ಕೇಳಿದೆ. ಮೂರನೇ ಸಾಲಿನಲ್ಲಿದ್ದರೂ ಕಿವಿಗೆ ಬಿದ್ದದ್ದು ಎಡಬಲದ ಸ್ಪೀಕರುಗಳ ನಾದ. ಕಣ್ಣು ಒಂದು ಕಡೆ, ಕಿವಿ ಇನ್ನೊಂದು ಕಡೆ. ಆ ವಿದ್ವಾಂಸರ ಕೈಯ ನಯ ನಮ್ಮನ್ನು ಮುಟ್ಟಲೇ ಇಲ್ಲವೆಂದು ಸಂಕಟವಾಯಿತು. ಮೈಕ್ ಇಲ್ಲದೆಯೂ ನಾದ ದೂರ ಹೋಗಲೆಂದು ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸಿದ ಊರು ನಮ್ಮದು.

ಸಭೆಗಳವರಲ್ಲಿ ನನ್ನ ಕೋರಿಕೆ ಇಷ್ಟೇ. ವರ್ಷಕ್ಕೆ ಒಂದಾದರೂ ಪಿಟೀಲು ಕಛೇರಿಯನ್ನು ಮೈಕ್ ಇಲ್ಲದೆ ಏರ್ಪಡಿಸಿ. ನೂರು ಜನ ಹಿಡಿಸುವ ಕೋಣೆ ಸಾಕು, ಫ್ಯಾನುಗಳನ್ನು ಸ್ವಲ್ಪ ಹೊತ್ತು ಆರಿಸಿದರಾಯಿತು. ನುಡಿಸಲು ನನ್ನ ಹಳೆಯ ಶಿಷ್ಯರಿಬ್ಬರು ಈಗಲೇ ಒಪ್ಪಿದ್ದಾರೆ.

– ನಿವೃತ್ತ ಪಿಟೀಲು ಶಿಕ್ಷಕಿ, ಮೈಸೂರು