ಆಗಾಗ ಪಾಸ್‌ವರ್ಡ್ ಬದಲಿಸಿ ಎಂಬ ಸಲಹೆಯನ್ನು ಕೈಬಿಡಿ

ಮಾನ್ಯ ಸಂಪಾದಕರೇ,

ಎಲ್ಲಿಯಾದರೂ ಗ್ರಾಹಕರ ಮಾಹಿತಿ ಸೋರಿಕೆಯಾದ ಸುದ್ದಿ ಬಂದರೆ, ಪಕ್ಕದಲ್ಲಿ ಓದುಗರಿಗೆ ಸಲಹೆಗಳ ಚೌಕಟ್ಟೊಂದು ಇದ್ದೇ ಇರುತ್ತದೆ. ‘ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ’ ಎಂಬುದು ಅದರಲ್ಲಿ ತಪ್ಪದೆ ಬರುವ ಸಾಲು. ಮಾಹಿತಿ ಸೋರಿದ್ದು ಸಂಸ್ಥೆಯ ಸರ್ವರ್‌ನಿಂದ, ಪ್ರಾಯಶ್ಚಿತ್ತ ಮಾತ್ರ ಗ್ರಾಹಕನಿಗೆ. ಪತ್ರಿಕೆಗಳು ಈ ಸಾಲನ್ನು ಇನ್ನಾದರೂ ಕೈಬಿಡಬೇಕು ಎಂಬುದು ನನ್ನ ಕೋರಿಕೆ.

ಕಾರಣವಿದೆ. ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರಬೇಕು, ಆಗಾಗ ಬದಲಿಸಬೇಕು ಎಂಬ ನಿಯಮಗಳು ಜಗತ್ತಿನಾದ್ಯಂತ ಹರಡಲು ಮುಖ್ಯ ಕಾರಣ, ಅಮೆರಿಕದ ರಾಷ್ಟ್ರೀಯ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆ 2003ರ ಸುಮಾರಿಗೆ ಸಿದ್ಧಪಡಿಸಿದ ಮಾರ್ಗಸೂಚಿ. ಅದನ್ನು ಬರೆದ ಬಿಲ್ ಬರ್ ಅವರೇ, ತಾವು ಕೊಟ್ಟ ಸಲಹೆಗಳಲ್ಲಿ ಹೆಚ್ಚಿನವುಗಳ ಬಗ್ಗೆ ಈಗ ವಿಷಾದವಿದೆ ಎಂದು 2017ರಲ್ಲಿ ಬಹಿರಂಗವಾಗಿ ಹೇಳಿದರು. ಅದೇ ವರ್ಷ ಆ ಸಂಸ್ಥೆ ತನ್ನ ಮಾರ್ಗಸೂಚಿಯನ್ನೂ ತಿದ್ದಿತು. ಪಾಸ್‌ವರ್ಡ್ ಸೋರಿಕೆಯಾಗಿದೆ ಎಂಬುದಕ್ಕೆ ಸುಳಿವು ಸಿಕ್ಕರೆ ಬದಲಿಸಲು ಹೇಳಿ, ಸುಮ್ಮನೆ ಅವಧಿ ಮುಗಿಯಿತೆಂದು ಬಲವಂತ ಮಾಡಬೇಡಿ ಎನ್ನುವುದು ಅದರ ಹೊಸ ನಿಲುವು.

ಬದಲಿಸುವುದರಿಂದ ಏನು ನಷ್ಟ ಎಂದು ಕೇಳುವವರಿದ್ದಾರೆ. ಬಲವಂತಕ್ಕೆ ಸಿಕ್ಕ ಮನುಷ್ಯ ಹೊಸದನ್ನು ಯೋಚಿಸುವುದಿಲ್ಲ. ಹಳೆಯದರ ಕೊನೆಯಲ್ಲಿರುವ ಒಂದನ್ನು ಎರಡು ಮಾಡುತ್ತಾನೆ, ಮುಂದಿನ ಬಾರಿ ಮೂರು ಮಾಡುತ್ತಾನೆ. ಕದಿಯುವವರಿಗೂ ಇದು ಗೊತ್ತು. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಬಳಕೆಯಲ್ಲಿಲ್ಲದ ಸಾವಿರಾರು ಖಾತೆಗಳ ಪಾಸ್‌ವರ್ಡ್‌ಗಳನ್ನು ಪರಿಶೀಲಿಸಿದರು. ಹಳೆಯ ಪಾಸ್‌ವರ್ಡ್ ಕೈಯಲ್ಲಿದ್ದರೆ, ಸುಮಾರು ಶೇ 41ರಷ್ಟು ಸಂದರ್ಭಗಳಲ್ಲಿ ಹೊಸದನ್ನು ಕಂಪ್ಯೂಟರ್ ಕೆಲವೇ ಸೆಕೆಂಡುಗಳಲ್ಲಿ ಊಹಿಸಿಬಿಟ್ಟಿತು. ಅಂದರೆ ಇಷ್ಟೆಲ್ಲ ಕಿರಿಕಿರಿ ಸಹಿಸಿಯೂ ನಮಗೆ ದಕ್ಕುವ ರಕ್ಷಣೆ ಅತ್ಯಲ್ಪ.

ಈ ಕಿರಿಕಿರಿ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ. ಕಂಪ್ಯೂಟರ್ ಮುಂದೆಯೇ ದಿನ ಕಳೆಯುವವರು ಹೇಗೋ ನಿಭಾಯಿಸುತ್ತಾರೆ. ಪಿಂಚಣಿಯ ವಿವರ ನೋಡಲು ಅಪರೂಪಕ್ಕೊಮ್ಮೆ ಲಾಗಿನ್ ಆಗುವ ಹಿರಿಯರಿಗೆ ‘ನಿಮ್ಮ ಪಾಸ್‌ವರ್ಡ್ ಅವಧಿ ಮುಗಿದಿದೆ’ ಎಂಬ ಸಾಲು ಬಾಗಿಲು ಮುಚ್ಚಿದಂತೆಯೇ. ಹೊಸದನ್ನು ಹಾಕಿದರೆ ಚಿಹ್ನೆ ಇಲ್ಲವೆನ್ನುತ್ತದೆ, ಚಿಹ್ನೆ ಸೇರಿಸಿದರೆ ಈ ಚಿಹ್ನೆಗೆ ಅವಕಾಶವಿಲ್ಲ ಎನ್ನುತ್ತದೆ, ಕೊನೆಗೆ ಖಾತೆಯೇ ಲಾಕ್ ಆಗುತ್ತದೆ. ತಮ್ಮದೇ ಹಣದ ಲೆಕ್ಕ ನೋಡಲು ಅವರು ಮಗನನ್ನೋ ಪಕ್ಕದ ಮನೆಯವರನ್ನೋ ಕಾಯಬೇಕು, ಗುಟ್ಟಾಗಿರಬೇಕಾದ ಪಾಸ್‌ವರ್ಡನ್ನು ಅವರಿಗೆ ಹೇಳಲೂ ಬೇಕು. ಇದು ಯಾವ ಸುರಕ್ಷತೆ?

ಇನ್ನೂ ಕೆಲವು ತಾಣಗಳು ಪಾಸ್‌ವರ್ಡನ್ನು ಬೇರೆಡೆಯಿಂದ ನಕಲಿಸಿ ಅಂಟಿಸಲು ಬಿಡುವುದಿಲ್ಲ, ಮರೆತರೆ ‘ನೀವು ಮೊದಲು ಸಾಕಿದ ಪ್ರಾಣಿಯ ಹೆಸರೇನು’ ಎಂದು ಕೇಳುತ್ತವೆ. 2017ರ ಮಾರ್ಗಸೂಚಿ ಅಂಟಿಸಲು ಬಿಡಬೇಕೆಂದು ಹೇಳಿತು, ಪ್ರಾಣಿಯ ಹೆಸರಿನಂಥ ಸುಳಿವು ಕೇಳುವುದು ಬೇಡವೆಂದಿತು. ದೊಡ್ಡಕ್ಷರ, ಚಿಹ್ನೆಗಳ ಕಡ್ಡಾಯಕ್ಕಿಂತ ಉದ್ದಕ್ಕೆ ಮಹತ್ವ ಕೊಟ್ಟು, ಕನಿಷ್ಠ 64 ಅಕ್ಷರಗಳವರೆಗೆ ಬರೆಯಲು ಅವಕಾಶವಿರಲಿ ಎಂದಿತು. ನೆನಪಿನಲ್ಲಿ ಉಳಿಯುವ ನಾಲ್ಕಾರು ಪದಗಳ ಸಾಲನ್ನು ಯಾರಾದರೂ ಇಟ್ಟುಕೊಳ್ಳಬಹುದು. ಹೀಗಿದ್ದೂ ಎಷ್ಟೋ ಕಡೆ ಹಳೆಯ ನಿಯಮವೇ ನಡೆದಿದೆ. ಅದನ್ನು ತೆಗೆದುಹಾಕುವ ಹೊಣೆ ಹೊರಲು ಯಾರೂ ಮುಂದೆ ಬರುವುದಿಲ್ಲ. ಇಟ್ಟುಕೊಂಡರೆ ಯಾರನ್ನೂ ಯಾರೂ ಪ್ರಶ್ನಿಸುವುದಿಲ್ಲ.

ಪ್ರಶ್ನಿಸುವ ಕೆಲಸ ಪತ್ರಿಕೆಯದು. ಮುಂದಿನ ಬಾರಿ ಸೋರಿಕೆಯ ಸುದ್ದಿ ಬಂದಾಗ ಆ ಚೌಕಟ್ಟಿನಲ್ಲಿ ಓದುಗರಿಗೆ ಎರಡೇ ಮಾತು ಸಾಕು: ಸೋರಿದ ಖಾತೆಯ ಪಾಸ್‌ವರ್ಡ್ ಕೂಡಲೇ ಬದಲಿಸಿ, ಒಂದೇ ಪಾಸ್‌ವರ್ಡನ್ನು ಎರಡು ಕಡೆ ಬಳಸಬೇಡಿ. ಉಳಿದ ಜಾಗದಲ್ಲಿ ಆ ಸಂಸ್ಥೆಗೆ ಕೇಳಿದ ಪ್ರಶ್ನೆಗಳನ್ನು ಮುದ್ರಿಸಿ. ಮಾಹಿತಿಯನ್ನು ಯಾವ ರೂಪದಲ್ಲಿ ಇಟ್ಟಿದ್ದರು, ಸೋರಿಕೆ ಯಾವಾಗ ಗೊತ್ತಾಯಿತು, ಗ್ರಾಹಕರಿಗೆ ತಿಳಿಸಲು ಎಷ್ಟು ದಿನ ಹಿಡಿಯಿತು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆಯಿರಿ.

ಇತಿ,
ನಿಮ್ಮ ಪತ್ರಿಕೆಯ ಓದುಗ