ಮರಂಗುವಿನ ಮನೆಯಿಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಶಾಲೆಯ ವಿಷಯವನ್ನೆಲ್ಲ ಬರೆದು, ಉಳಿದುಕೊಂಡಿರುವ ಮನೆಯ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲವೆಂದು ನೀನು ಆಕ್ಷೇಪಿಸಿದ್ದೀಯೆ. ಆ ಮನೆಯಲ್ಲಿ ನಾನು ಯಾರೆಂಬುದು ನನಗೇ ಸ್ಪಷ್ಟವಿಲ್ಲದಾಗ ಬರೆಯುವುದಾದರೂ ಏನನ್ನು? ಈಗ ಬರೆಯಬಹುದು.

ತಾಂಜಾನಿಯಾದ ಮೋಶಿ ಪಟ್ಟಣದಿಂದ ಬಸ್ಸು ಹತ್ತಿದರೆ, 5,895 ಮೀಟರ್ ಎತ್ತರದ ಕಿಲಿಮಂಜಾರೋ ಪರ್ವತದ ತಪ್ಪಲಿನಲ್ಲಿ ಮರಂಗು ಸಿಗುತ್ತದೆ. ಇಲ್ಲಿಗೆ ಬರುವ ಪರದೇಶದವರಲ್ಲಿ ಹೆಚ್ಚಿನವರು ಶಿಖರ ಹತ್ತಲು ಬಂದವರು. ನಾನು ಬಾಳೆತೋಟದೊಳಗೇ ಉಳಿದವನು. ಈ ತಪ್ಪಲಿನ ಚಗ್ಗಾ ಜನರ ಮನೆಗಳು ತೋಟದ ನಡುವೆ ಇರುತ್ತವೆ. ಮೇಲೆ ಬಾಳೆ, ಅದರ ನೆರಳಿನಲ್ಲಿ ಅರೇಬಿಕಾ ಕಾಫಿ, ಅದರ ಬುಡದಲ್ಲಿ ಕೆಸುವಿನ ಗೆಡ್ಡೆ, ಪಕ್ಕದಲ್ಲೇ ದನದ ಕೊಟ್ಟಿಗೆ. ಬಾಳೆದಿಂಡನ್ನು ಕೊಚ್ಚಿ ದನಕ್ಕೆ ಹಾಕುತ್ತಾರೆ, ಗೊಬ್ಬರವನ್ನು ಮತ್ತೆ ಬಾಳೆಯ ಬುಡಕ್ಕೆ ಸುರಿಯುತ್ತಾರೆ. ಮೂಡಿಗೆರೆಯಲ್ಲಿ ಬೆಳೆದ ನಿನಗೆ ಇದನ್ನು ವಿವರಿಸಬೇಕಾಗಿಲ್ಲ.

ಮೊದಲ ಕೆಲವು ವಾರ ನನ್ನನ್ನು ಕಾಡಿದ್ದು ಕೊರತೆಯಲ್ಲ, ಉಪಚಾರ. ಒಳ್ಳೆಯ ಕುರ್ಚಿ ನನಗೆ, ಮೊದಲ ಲೋಟ ಚಹಾ ನನಗೆ. ಊಟಕ್ಕೆ ಮುಂಚೆ ಮನೆಯ ಕಿರಿಮಗಳು ಬೋಗುಣಿಯನ್ನೂ ಬೆಚ್ಚನೆಯ ನೀರಿನ ಜಗ್ಗನ್ನೂ ಹಿಡಿದು ಬಂದು, ಅಜ್ಜ ಎದುರಿಗೇ ಕುಳಿತಿದ್ದರೂ ನನ್ನ ಕೈಗೇ ಮೊದಲು ನೀರು ಹಾಕುತ್ತಿದ್ದಳು. ನನ್ನ ಊಟ-ವಸತಿಗೆಂದು, ನನ್ನನ್ನು ಇಲ್ಲಿಗೆ ಕಳಿಸಿದ ಸಂಸ್ಥೆ ಈ ಕುಟುಂಬಕ್ಕೆ ಹಣ ಕೊಡುತ್ತದೆ. ಅದು ನ್ಯಾಯವೇ, ದಿನಸಿ ಯಾರಿಗೂ ಪುಕ್ಕಟೆ ಸಿಗುವುದಿಲ್ಲ. ಆದರೆ ಹಣ ನಡುವೆ ಬಂದಾಗ ಈ ಉಪಚಾರ ಪ್ರೀತಿಯದೋ ಬಾಡಿಗೆಯದೋ ಎಂಬ ಸಣ್ಣ ಅನುಮಾನ ಉಣ್ಣುವವನ ತಲೆಯಲ್ಲಿ ಉಳಿದೇ ಉಳಿಯುತ್ತದೆ, ಅದನ್ನು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ.

ಊಟದ ಚಿಂತೆ ನಿನಗೆ ಬೇಡ. ನಾನು ಮಾಂಸ ತಿನ್ನುವುದಿಲ್ಲವೆಂದಾಗ ಈ ಮನೆಯ ಅಮ್ಮ (ಊರಿನವರ ಬಾಯಲ್ಲಿ ಅವರು ಹಿರಿಮಗನ ಹೆಸರು ಸೇರಿಸಿದ 'ಮಾಮಾ', ಸ್ವಾಹಿಲಿಯಲ್ಲಿ ತಾಯಿ ಎಂದರ್ಥ) ಕೊಂಚ ಮರುಗಿದರು, ಅಷ್ಟೆ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ದಂಟಿನ ಸೊಪ್ಪು, ರಾಜ್ಮಾ ಕಾಳು, ಬೇಯಿಸಿದ ಬಾಳೆಕಾಯಿ. ಮುದ್ದೆ ಮುರಿದು ಬೆಳೆದ ಕೈಗೆ ಉಗಾಲಿ ಹೊಸದೇನಲ್ಲ. ಬೆಳಿಗ್ಗೆ ಒಮ್ಮೊಮ್ಮೆ ರಾಗಿ ಗಂಜಿಯೂ ಇರುತ್ತದೆ. ರಾಗಿಯ ತವರು ಪೂರ್ವ ಆಫ್ರಿಕಾ. ಇವರು ಅದನ್ನು ಬಾಳೆಹಣ್ಣಿನೊಂದಿಗೆ ಹುಳಿಬರಿಸಿ 'ಮ್ಬೆಗೆ' ಎಂಬ ಮದ್ಯವನ್ನೂ ಮಾಡುತ್ತಾರೆ, ಅದು ಅಜ್ಜನ ಪಾಲು.

ಕಾಫಿ ಕೊಯ್ಲು ಶುರುವಾದ ಮೇಲೆ ಮನೆಯ ರೀತಿಯೇ ಬದಲಾಯಿತು. ಹಣ್ಣನ್ನು ಕೊಯ್ದ ದಿನವೇ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಅಂದರೆ ಪಲ್ಪರಿಗೆ, ಹಾಕಬೇಕು, ಆಳುಗಳಿಲ್ಲ, ಕೈಗಳು ಸಾಲವು. ಒಂದು ಸಂಜೆ ನಾನಾಗಿಯೇ ಹೋಗಿ ಪಲ್ಪರಿನ ಹಿಡಿಯನ್ನು ತಿರುಗಿಸತೊಡಗಿದೆ, ಅಮ್ಮ ತಡೆಯಲಿಲ್ಲ. ಸಿಪ್ಪೆ ಒಂದು ಕಡೆ ಬೀಳುತ್ತದೆ, ಲೋಳೆ ಹತ್ತಿದ ಬೀಜ ಇನ್ನೊಂದು ಕಡೆ ಬಕೆಟ್ಟಿಗೆ ಜಾರುತ್ತದೆ. ಅದನ್ನು ನೆನೆಯಿಟ್ಟ ಮೇಲೆ ಅಮ್ಮ ಆಗಾಗ ಬಂದು ಒಂದು ಹಿಡಿ ಬೀಜ ತೆಗೆದು ಅಂಗೈಗಳ ನಡುವೆ ಉಜ್ಜಿ ನೋಡುತ್ತಾರೆ. ಲೋಳೆ ಬಿಟ್ಟು, ಬೆಣಚುಕಲ್ಲಿನಂತೆ ಗರಗರ ಸದ್ದು ಬಂದರೆ ತೊಳೆಯುವ ಹೊತ್ತಾಯಿತೆಂದು ಅರ್ಥ. ಮರುದಿನ ಅವರು ನನ್ನನ್ನು ಕೇಳಲೂ ಇಲ್ಲ, ಹಿಡಿಯತ್ತ ಗಲ್ಲ ತೋರಿಸಿದರು. ಸಾವಕಾಶವಾಗಿ ತಿರುಗಿಸಿದರೆ ಗದರುವುದೂ ಆಗ ಆರಂಭವಾಯಿತು. ಹಿರಿಯರಿಗೆ ಬೆಳಿಗ್ಗೆ 'ಶಿಕಮೂ' ಎಂದು ವಂದಿಸುವುದನ್ನು ಮರೆತರೆ ಮಕ್ಕಳಿಗೆ ಬೀಳುವ ನೋಟವೇ ನನಗೂ ಬೀಳುತ್ತದೆ.

ಈಗ ರಾತ್ರಿಯೂಟಕ್ಕೆ ಜಗ್ಗು ಹಿಡಿಯುವ ಸರದಿಯಲ್ಲಿ ನಾನೂ ಇದ್ದೇನೆ. ಮೊದಲ ನೀರು ಅಜ್ಜನ ಕೈಗೆ. ಅಂಥ ಮನೆಯೊಂದರಲ್ಲಿ ಉಳಿಯಲು ನೀನು ಯಾವಾಗಲಾದರೂ ಹೊರಟರೆ, ಉಡುಗೊರೆಗಳ ಬಗ್ಗೆ ಬಹಳ ಯೋಚಿಸಬೇಡ, ಬೇಗ ಒಂದು ಕೆಲಸ ಹಿಡಿ.

ಒಂದು ಸಂಗತಿ ಮರೆಯುವ ಮುನ್ನ ಬರೆದುಬಿಡುತ್ತೇನೆ. ಈ ಬೆಟ್ಟದ ಬೆಳೆಗಾರರು 1933ರಲ್ಲೇ ಸಹಕಾರಿ ಒಕ್ಕೂಟ ಕಟ್ಟಿಕೊಂಡವರು, ಬೆಲೆಯ ಮಾತೆಂದರೆ ಊಟ ಆರಿದರೂ ಮುಗಿಯುವುದಿಲ್ಲ. ನಮ್ಮಲ್ಲಿಯೂ ಕಾಫಿ ಬೆಳೆಯುತ್ತಾರೆಂದು ಹೇಳಿದಂದಿನಿಂದ ಅಮ್ಮ ಬಿಡುತ್ತಿಲ್ಲ. ಪಾರ್ಚ್‌ಮೆಂಟಿನ (ತೊಳೆದು ಒಣಗಿಸಿದ, ಒಳಸಿಪ್ಪೆ ಇನ್ನೂ ಇರುವ ಕಾಫಿ ಬೀಜದ) ಮೂಟೆಗೆ ನಿಮ್ಮ ಕಡೆ ಈಗ ಎಷ್ಟು ಸಿಗುತ್ತದೆ, ಹಣ ಕೈಗೆ ಬರಲು ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ನಿನ್ನ ಅಪ್ಪನವರನ್ನೇ ಕೇಳಿ ಬರೆ.

ಇತಿ ನಿನ್ನ ಗೆಳೆಯ